ಎಟಿಪಿ ಲೆಕ್ಕ ಇರಲಿ, ಎಲೆಕ್ಟ್ರಾನ್ ಹೊರುವ ಅಣುಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಿದ್ಯಾರ್ಥಿಗಳ ಪುಟದಲ್ಲಿ ಮೊನ್ನೆ ಜೀವಕೋಶದ ಉಸಿರಾಟದ ಬಗ್ಗೆ ಬಂದ ಲೇಖನ ಓದಿದೆ. ಈ ವಿಷಯ ಆರಿಸಿಕೊಂಡಿದ್ದಕ್ಕೆ ಮೊದಲು ಧನ್ಯವಾದ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಇಂಥ ಪುಟಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಅದಕ್ಕೇ ಬರೆಯಬೇಕು ಅನ್ನಿಸಿತು. ಲೇಖನದಲ್ಲಿ ಸಕ್ಕರೆಯನ್ನು ಒಡೆಯುವ ಮೊದಲ ಘಟ್ಟವಾದ ಗ್ಲೈಕಾಲಿಸಿಸ್ ಇದೆ, ಉಳಿದ ತುಂಡುಗಳನ್ನು ಪೂರ್ತಿ ಒಡೆಯುವ ಕ್ರೆಬ್ಸ್ ಚಕ್ರ ಇದೆ, ಕೊನೆಗೆ ಒಂದು ಗ್ಲೂಕೋಸ್‌ಗೆ 38 ಎಟಿಪಿ (ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣು) ಅನ್ನುವ ಲೆಕ್ಕವೂ ಇದೆ. ಆದರೆ ನಡುವೆ ‘ಎನ್‌ಎಡಿಎಚ್ ಮತ್ತು ಎಫ್‌ಎಡಿಎಚ್2 ಎಂಬ ಶಕ್ತಿಯುತ ಅಣುಗಳು ಉಂಟಾಗುತ್ತವೆ’ ಅಂತ ಒಂದೇ ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಇಡೀ ಕಥೆ ಇರುವುದೇ ಆ ಸಾಲಿನಲ್ಲಿ. ಅದನ್ನು ಬಿಟ್ಟರೆ ಉಳಿಯುವುದು ಬಾಯಿಪಾಠ ಮಾಡುವ ಹೆಸರುಗಳು ಮಾತ್ರ.

ನಾವು ಯಾಕೆ ಉಸಿರಾಡುತ್ತೇವೆ ಅಂತ ಒಬ್ಬ ವಿದ್ಯಾರ್ಥಿಯನ್ನು ಕೇಳಿ ನೋಡಿ. ಆಮ್ಲಜನಕಕ್ಕೆ ಅನ್ನುತ್ತಾನೆ. ಆಮ್ಲಜನಕ ಯಾಕೆ ಅಂದರೆ ಶಕ್ತಿಗೆ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಆದರೆ ಗ್ಲೈಕಾಲಿಸಿಸ್‌ನ ಹತ್ತು ಹಂತಗಳನ್ನು ಒಂದೊಂದಾಗಿ ನೋಡಿ, ಅದರ ಪಕ್ಕದಲ್ಲೇ ಕ್ರೆಬ್ಸ್ ಚಕ್ರವನ್ನೂ ಇಟ್ಟುಕೊಂಡು ನೋಡಿ, ಆಮ್ಲಜನಕದ ಅಣು ಎಲ್ಲೂ ಬರುವುದೇ ಇಲ್ಲ. ನಾವು ಹೊರಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿರುವ ಆಮ್ಲಜನಕ ಕೂಡ ನಾವು ಒಳಗೆಳೆದುಕೊಂಡ ಗಾಳಿಯದ್ದಲ್ಲ, ಅದು ಬರುವುದು ಸಕ್ಕರೆಯಿಂದ ಮತ್ತು ನೀರಿನಿಂದ. ಹಾಗಾದರೆ ಎಳೆದುಕೊಂಡ ಗಾಳಿ ಏನಾಯಿತು? ಈ ಪ್ರಶ್ನೆಗೆ ಉತ್ತರ ಹೇಳುವುದು ಎಲೆಕ್ಟ್ರಾನ್ ಹೊರುವ ಅಣುಗಳೇ, ಬೇರೆ ಯಾರೂ ಅಲ್ಲ.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎನ್‌ಎಡಿಎಚ್ ನನಗೆ ಪುಸ್ತಕದ ಹೆಸರಲ್ಲ, ದಿನಾ ಕೈಯಲ್ಲಿ ಹಿಡಿಯುವ ವಸ್ತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಗ್ಲೂಕೋಸ್‌ನಿಂದ ಶುರು ಮಾಡೋಣ. ಒಂದು ಮೋಲ್, ಅಂದರೆ 180 ಗ್ರಾಂ ಗ್ಲೂಕೋಸನ್ನು ಬೆಂಕಿಯಲ್ಲಿ ಪೂರ್ತಿ ಉರಿಸಿದರೆ ಸುಮಾರು 2,800 ಕಿಲೊಜೂಲ್ ಶಾಖ ಬರುತ್ತದೆ. ಉರಿಯುವುದು ಅಂದರೆ ಗ್ಲೂಕೋಸ್‌ನಲ್ಲಿರುವ ಎಲೆಕ್ಟ್ರಾನ್‌ಗಳು ಆಮ್ಲಜನಕದ ಕಡೆಗೆ ಹೋಗುವುದು, ಅಷ್ಟೇ. ಬೆಂಕಿಯಲ್ಲಿ ಅವು ಒಂದೇ ಏಟಿಗೆ ಹೋಗುತ್ತವೆ. ಜೀವಕೋಶದಲ್ಲಿ ಹಾಗೆ ಬಿಟ್ಟರೆ ಎಲ್ಲ ಶಾಖವಾಗಿ ಹೋಗುತ್ತದೆ, ಕೆಲಸಕ್ಕೆ ಏನೂ ಸಿಗುವುದಿಲ್ಲ. ಅದಕ್ಕೆ ಜೀವಕೋಶ ಎಲೆಕ್ಟ್ರಾನ್‌ಗಳನ್ನು ಎರಡೆರಡಾಗಿ ಕಿತ್ತು ನಿಧಾನಕ್ಕೆ ಸಾಗಿಸುತ್ತದೆ. ಆದರೆ ಎಲೆಕ್ಟ್ರಾನ್ ಜೀವಕೋಶದ ನೀರಿನಲ್ಲಿ ಸುಮ್ನೆ ಒಂಟಿಯಾಗಿ ತೇಲಿಕೊಂಡು ಇರುವಂಥದ್ದಲ್ಲ. ಯಾರಾದರೂ ಅದನ್ನು ಹಿಡಿದುಕೊಳ್ಳಲೇಬೇಕು. ಹಿಡಿಯುವವರೂ ಹೇಗಿರಬೇಕು ಅಂದರೆ, ಕೊಟ್ಟಾಗ ತೆಗೆದುಕೊಳ್ಳಬೇಕು, ಕೇಳಿದಾಗ ಬಿಟ್ಟುಕೊಡಬೇಕು, ಮತ್ತೆ ಮೊದಲಿನ ಹಾಗೇ ಆಗಬೇಕು. ಎನ್‌ಎಡಿ ಮಾಡುವ ಕೆಲಸ ಇದೇ.

ಎನ್‌ಎಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅದರಲ್ಲಿ ಎರಡು ನ್ಯೂಕ್ಲಿಯೋಟೈಡ್‌ಗಳು ಜೋಡಿಸಿಕೊಂಡಿವೆ. ಒಂದು ತುದಿಯಲ್ಲಿ ಅಡೆನಿನ್ ಇದೆ. ಅದು ಕಿಣ್ವಗಳು ಈ ಅಣುವನ್ನು ಗುರುತು ಹಿಡಿದು ಹಿಡಿದುಕೊಳ್ಳುವುದಕ್ಕೆ ಇರುವ ಜಾಗ. ನಿಜವಾದ ಕೆಲಸ ಇನ್ನೊಂದು ತುದಿಯ ನಿಕೋಟಿನಮೈಡ್ ಉಂಗುರದ್ದು. ಆ ಉಂಗುರದಲ್ಲಿ ಒಂದು ಸಾರಜನಕ, ಅದರ ನೇರ ಎದುರಿಗೆ ಒಂದು ಇಂಗಾಲ. ಸಕ್ಕರೆಯ ತುಂಡಿನಿಂದ ಕಿಣ್ವ ಎರಡು ಜಲಜನಕ ಕಿತ್ತಾಗ ಒಂದು ಜಲಜನಕ ಎರಡೂ ಎಲೆಕ್ಟ್ರಾನ್‌ಗಳನ್ನು ಜೊತೆಗೆ ಕಟ್ಟಿಕೊಂಡು ಬಂದು ಆ ಇಂಗಾಲದ ಮೇಲೆ ಕೂರುತ್ತದೆ, ಇನ್ನೊಂದು ಬರೀ ಪ್ರೋಟಾನ್ ಆಗಿ ನೀರಿಗೆ ಹೋಗುತ್ತದೆ. ಎನ್‌ಎಡಿ ಪ್ಲಸ್ ಈಗ ಎನ್‌ಎಡಿಎಚ್ ಆಯಿತು. ಇಷ್ಟು ದೊಡ್ಡ ಅಣುವಿನಲ್ಲಿ ಬದಲಾಗಿದ್ದು ಒಂದು ಉಂಗುರ ಮಾತ್ರ.

ಆದರೆ ಆ ಉಂಗುರ ಬದಲಾದದ್ದು ಕಣ್ಣಿಗೆ ಅಲ್ಲದಿದ್ದರೂ ಯಂತ್ರಕ್ಕೆ ಚೆನ್ನಾಗಿ ಕಾಣುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ಅಳತೆಯ ನೇರಳಾತೀತ ಬೆಳಕನ್ನು ಹೀರುತ್ತದೆ, ಖಾಲಿ ಎನ್‌ಎಡಿ ಪ್ಲಸ್ ಹೀರುವುದಿಲ್ಲ. ಲಿವರ್ ಪರೀಕ್ಷೆಯಲ್ಲಿ ಎಎಲ್‌ಟಿ ಅಂತ ಒಂದು ಅಂಕಿ ಬರುತ್ತದಲ್ಲ, ಅದನ್ನು ನಾವು ಅಳೆಯುವುದು ಇದರಿಂದಲೇ. ರೋಗಿಯ ಸೀರಮ್‌ಗೆ ಒಂದು ದ್ರಾವಣ ಸೇರಿಸುತ್ತೇವೆ, ಅದರಲ್ಲಿ ಮೊದಲೇ ಎನ್‌ಎಡಿಎಚ್ ಇರುತ್ತದೆ. ಸೀರಮ್‌ನಲ್ಲಿರುವ ಎಎಲ್‌ಟಿ ಕಿಣ್ವ ಅಲನಿನ್ ಅನ್ನುವ ಅಮೈನೋ ಆಮ್ಲದಿಂದ ಪೈರುವೇಟ್ (ಗ್ಲೈಕಾಲಿಸಿಸ್‌ನ ಕೊನೆಯಲ್ಲಿ ಉಳಿಯುವ ತುಂಡೂ ಇದೇ) ಮಾಡುತ್ತದೆ. ದ್ರಾವಣದಲ್ಲಿರುವ ಇನ್ನೊಂದು ಕಿಣ್ವ, ಎಲ್‌ಡಿಎಚ್, ಎನ್‌ಎಡಿಎಚ್‌ನ ಎಲೆಕ್ಟ್ರಾನ್‌ಗಳನ್ನು ಆ ಪೈರುವೇಟ್‌ಗೆ ದಾಟಿಸಿ ಲ್ಯಾಕ್ಟೇಟ್ ಮಾಡುತ್ತದೆ. ಎನ್‌ಎಡಿಎಚ್ ಖಾಲಿಯಾದಂತೆಲ್ಲ ಯಂತ್ರದ ಪರದೆಯ ಮೇಲೆ ಗೆರೆ ಕೆಳಗಿಳಿಯುತ್ತಾ ಬರುತ್ತದೆ. ಬೇಗ ಇಳಿದರೆ ಎಎಲ್‌ಟಿ ಜಾಸ್ತಿ ಇದೆ ಅಂತ ಅರ್ಥ. ಎಷ್ಟೋ ಜನರ ಕೈಯಲ್ಲಿರುವ ರಿಪೋರ್ಟಿನ ಆ ಒಂದು ಅಂಕಿ ಎಲೆಕ್ಟ್ರಾನ್ ಒಂದು ಅಣುವಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ದಾಟಿತು ಅನ್ನುವ ಲೆಕ್ಕ. ಇದನ್ನು ನೋಡುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇನ್ನು ಎಫ್‌ಎಡಿ. ನಿಮ್ಮ ಚಿತ್ರದಲ್ಲಿ ಎನ್‌ಎಡಿಎಚ್ ಮತ್ತು ಎಫ್‌ಎಡಿಎಚ್2 ಎರಡೂ ಒಂದೇ ಥರ ತೇಲಿಕೊಂಡು ಹೋಗಿ ಮೈಟೊಕಾಂಡ್ರಿಯದ, ಅಂದರೆ ಜೀವಕೋಶದೊಳಗೆ ಎಟಿಪಿ ಮಾಡುವ ಪುಟ್ಟ ಅಂಗದ, ಒಳಪೊರೆಯ ಹತ್ತಿರ ನಿಲ್ಲುತ್ತವೆ. ಇದು ಸರಿಯಲ್ಲ. ಎನ್‌ಎಡಿ ಕಿಣ್ವದಿಂದ ಬಿಡಿಸಿಕೊಂಡು ಓಡಾಡುತ್ತದೆ, ನಿಜ. ಎಫ್‌ಎಡಿ ಹಾಗಲ್ಲ, ಅದು ತನ್ನ ಕಿಣ್ವವನ್ನು ಬಿಟ್ಟು ಎಲ್ಲೂ ಹೋಗುವುದಿಲ್ಲ. ಕ್ರೆಬ್ಸ್ ಚಕ್ರದಲ್ಲಿ ಸಕ್ಸಿನೇಟ್‌ನಿಂದ ಎಲೆಕ್ಟ್ರಾನ್ ಕೀಳುವ ಕಿಣ್ವ ಇದೆಯಲ್ಲ, ಅದೇ ಒಳಪೊರೆಯಲ್ಲಿ ಹೂತುಕೊಂಡು ಎಲೆಕ್ಟ್ರಾನ್‌ಗಳನ್ನು ಆಮ್ಲಜನಕದ ಕಡೆಗೆ ದಾಟಿಸುವ ನಾಲ್ಕು ಪ್ರೋಟೀನ್ ಗುಂಪುಗಳಲ್ಲಿ ಎರಡನೆಯದು, ಅಂದರೆ ಎರಡನೇ ಕಾಂಪ್ಲೆಕ್ಸ್. ಎಫ್‌ಎಡಿ ಅದರೊಳಗೇ ಕೂತು ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಎರಡನ್ನೂ ತೆಗೆದುಕೊಂಡು ಎಫ್‌ಎಡಿಎಚ್2 ಆಗಿ, ಎಲೆಕ್ಟ್ರಾನ್‌ಗಳನ್ನು ಅಲ್ಲಿಂದಲೇ ಮುಂದಕ್ಕೆ ದಾಟಿಸುತ್ತದೆ. ಸಕ್ಸಿನೇಟ್‌ನ ಹಂತಕ್ಕೆ ಎನ್‌ಎಡಿ ಯಾಕಾಗಲಿಲ್ಲ, ಎಫ್‌ಎಡಿಯೇ ಯಾಕೆ ಬೇಕಾಯಿತು ಅನ್ನುವುದನ್ನು ಹೆಚ್ಚಿನ ಪುಸ್ತಕಗಳು ಹೇಳುವುದಿಲ್ಲ. ಕಾರಣ ಸರಳ. ಎಲೆಕ್ಟ್ರಾನ್ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ವೋಲ್ಟ್‌ನಲ್ಲಿ ಹೇಳುತ್ತಾರೆ, ಮೈನಸ್ ಹೆಚ್ಚಾದಷ್ಟೂ ಎತ್ತರ. ಎನ್‌ಎಡಿಗೆ ಎಲೆಕ್ಟ್ರಾನ್ ಹತ್ತಿಸಬೇಕಾದರೆ ಮೈನಸ್ 0.32 ವೋಲ್ಟ್‌ನ ಎತ್ತರಕ್ಕೆ ಎತ್ತಬೇಕು. ಸಕ್ಸಿನೇಟ್‌ನಲ್ಲಿರುವ ಎಲೆಕ್ಟ್ರಾನ್‌ಗಳು ಇರುವುದು ಪ್ಲಸ್ 0.03 ವೋಲ್ಟ್‌ನ ಹತ್ತಿರ. ಅವುಗಳಿಗೆ ಅಷ್ಟು ಮೇಲಕ್ಕೆ ಹತ್ತುವ ಶಕ್ತಿ ಇಲ್ಲ. ಅದಕ್ಕೆ ಕೆಳಗಿನ ಮೆಟ್ಟಿಲಲ್ಲೇ ಇಸಿದುಕೊಳ್ಳುವ ಎಫ್‌ಎಡಿ ಬೇಕು. ಮುಂದೆ ಅದರಿಂದ ಎಟಿಪಿ ಕಡಿಮೆ ಸಿಗುವುದೂ ಇದೇ ಕಾರಣಕ್ಕೆ.

ಈ ಎರಡೂ ಅಣುಗಳನ್ನು ನಮ್ಮ ದೇಹ ವಿಟಮಿನ್‌ಗಳಿಂದ ಮಾಡಿಕೊಳ್ಳುತ್ತದೆ. ಎನ್‌ಎಡಿಗೆ ಬಿ3, ಅಂದರೆ ನಯಾಸಿನ್, ಎಫ್‌ಎಡಿಗೆ ಬಿ2, ಅಂದರೆ ರೈಬೋಫ್ಲೇವಿನ್. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದವರ ಮೂತ್ರ ಗಾಢ ಹಳದಿಯಾಗುವುದು ಈ ರೈಬೋಫ್ಲೇವಿನ್‌ನ ಬಣ್ಣದಿಂದ. ನಯಾಸಿನ್ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪೆಲ್ಲಾಗ್ರ ರೋಗವೇ ಸಾಕ್ಷಿ. ಚರ್ಮ ಸುಲಿಯುವುದು, ಭೇದಿ, ಬುದ್ಧಿ ಕಲಕುವುದು, ಆಮೇಲೆ ಸಾವು. ಬರೀ ಮೆಕ್ಕೆಜೋಳವನ್ನೇ ನಂಬಿಕೊಂಡಿದ್ದ ಬಡವರಲ್ಲಿ ಇದು ಇಟಲಿಯಲ್ಲಿ, ಸ್ಪೇನ್‌ನಲ್ಲಿ, ಇಪ್ಪತ್ತನೇ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಹಳ ಇತ್ತು. 1937ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಕಾನ್ರಾಡ್ ಎಲ್ವೆಹೆಮ್ ನಾಯಿಗಳಿಗೆ ಬರುವ ಇದೇ ಬಗೆಯ ಕಪ್ಪು ನಾಲಿಗೆಯ ರೋಗ ನಿಕೋಟಿನಿಕ್ ಆಮ್ಲದಿಂದ, ಅಂದರೆ ನಯಾಸಿನ್‌ನಿಂದ, ವಾಸಿಯಾಗುತ್ತದೆ ಅಂತ ತೋರಿಸಿದ ಮೇಲೆ ಮನುಷ್ಯರಿಗೂ ಅದೇ ಮದ್ದಾಯಿತು. ಎಲೆಕ್ಟ್ರಾನ್ ಹೊರುವ ಒಂದು ಅಣು ಸಾಕಷ್ಟು ಇಲ್ಲದಿದ್ದರೆ ಮೈಯೆಲ್ಲ ಕುಸಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ, ಯಾಕೆಂದರೆ ಈ ಲೆಕ್ಕ ನೋಡಿದರೆ ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ. ಒಂದು ಗ್ಲೂಕೋಸ್‌ಗೆ ಗ್ಲೈಕಾಲಿಸಿಸ್‌ನಲ್ಲಿ 2 ಎನ್‌ಎಡಿಎಚ್, ಪೈರುವೇಟ್‌ನಿಂದ ಕ್ರೆಬ್ಸ್ ಚಕ್ರಕ್ಕೆ ಹೋಗುವ ಅಸಿಟೈಲ್ ಕೋಎ ಆಗುವಾಗ 2, ಕ್ರೆಬ್ಸ್ ಚಕ್ರದಲ್ಲಿ 6. ಒಟ್ಟು 10. ಜೊತೆಗೆ ಎಫ್‌ಎಡಿಎಚ್2 ಎರಡು. ಒಟ್ಟು 12 ಸಲ ಎರಡೆರಡು ಎಲೆಕ್ಟ್ರಾನ್, ಅಂದರೆ 24. ಇತ್ತ ಕಡೆ ಒಂದು ಗ್ಲೂಕೋಸ್‌ಗೆ ಬೇಕಾಗುವ ಆಮ್ಲಜನಕದ ಅಣುಗಳು 6. ಒಂದೊಂದು ಆಮ್ಲಜನಕದ ಅಣು ನೀರಾಗುವುದಕ್ಕೆ 4 ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಆರು ನಾಲ್ಕಲೆ ಇಪ್ಪತ್ನಾಲ್ಕು! ಸಕ್ಕರೆಯಿಂದ ಕಿತ್ತ ಒಂದೊಂದು ಎಲೆಕ್ಟ್ರಾನೂ ಈ ವಾಹಕಗಳ ಕೈಯಿಂದಲೇ ದಾಟಿ ಆಮ್ಲಜನಕಕ್ಕೆ ಸೇರಿದೆ. ಶಾಲೆಯಲ್ಲಿ ಬರೆಯಿಸುವ ಆ ಹಳೆಯ ಸಮೀಕರಣದಲ್ಲಿ 6 ಆಮ್ಲಜನಕ ಅಂತ ಇರುವುದು ಯಾಕೆ ಅಂತ ಇಲ್ಲಿ ಗೊತ್ತಾಗುತ್ತದೆ.

ನನ್ನ ಮುಖ್ಯ ತಕರಾರು ‘ಶಕ್ತಿಯುತ ಅಣು’ ಅನ್ನುವ ಮಾತಿನ ಬಗ್ಗೆ. ಎನ್‌ಎಡಿಎಚ್ ಆಗುವುದನ್ನೇ ಲಾಭ ಅಂತ ಮಕ್ಕಳು ತಿಳಿಯುತ್ತಾರೆ. ಎಷ್ಟು ಎನ್‌ಎಡಿಎಚ್ ಆದರೆ ಅಷ್ಟು ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಜೀವಕೋಶದಲ್ಲಿ ಎನ್‌ಎಡಿ ಇರುವುದೇ ತೀರಾ ಸ್ವಲ್ಪ. ಅದೇ ಅಣು ಮತ್ತೆ ಮತ್ತೆ ತುಂಬಬೇಕು, ಮತ್ತೆ ಮತ್ತೆ ಖಾಲಿಯಾಗಬೇಕು. ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಕೊಡ ದಾಟಿಸುವವರನ್ನು ನೆನೆಸಿಕೊಳ್ಳಿ. ಕೊನೆಯವನಿಗೆ ಕೊಡ ಇಳಿಸಲು ಜಾಗ ಇಲ್ಲದಿದ್ದರೆ ಅವನ ಕೈ ತುಂಬಿರುತ್ತದೆ, ಅವನ ಹಿಂದಿನವನದ್ದೂ ತುಂಬಿರುತ್ತದೆ, ಕೊನೆಗೆ ಬಾವಿಯ ಹತ್ತಿರ ನಿಂತವನೂ ಕೈಕಟ್ಟಿದಂತೆ ನಿಲ್ಲುತ್ತಾನೆ, ಬಾವಿಯಲ್ಲಿ ನೀರು ಎಷ್ಟೇ ಇರಲಿ. ಉಸಿರಾಟದಲ್ಲಿ ಕೊಡ ಇಳಿಸುವ ಆ ಜಾಗವೇ ಆಮ್ಲಜನಕ. ನಾವು ಉಸಿರೆಳೆದುಕೊಳ್ಳುವುದು ಈ ಅಣುಗಳನ್ನು ಖಾಲಿ ಮಾಡುವುದಕ್ಕೆ.

ಇದನ್ನು ಹೇಳಿಬಿಟ್ಟರೆ ಲ್ಯಾಕ್ಟೇಟ್‌ನ ವಿಷಯ ತಾನೇ ಅರ್ಥವಾಗುತ್ತದೆ. ಆಮ್ಲಜನಕ ಸಾಲದಿದ್ದಾಗ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಆಗುತ್ತದೆ ಅಂತ ನಿಮ್ಮ ಲೇಖನದಲ್ಲೂ ಇದೆ, ಯಾಕೆ ಆಗುತ್ತದೆ ಅಂತ ಇಲ್ಲ. ಗ್ಲೈಕಾಲಿಸಿಸ್‌ನ ಆರನೇ ಹಂತದಲ್ಲಿ ಗ್ಲಿಸರಾಲ್ಡಿಹೈಡ್ ಫಾಸ್ಫೇಟ್ ಅನ್ನುವ ಸಕ್ಕರೆಯ ತುಂಡಿನಿಂದ ಎಲೆಕ್ಟ್ರಾನ್ ಕೀಳುವುದಕ್ಕೆ ಖಾಲಿ ಎನ್‌ಎಡಿ ಬೇಕೇಬೇಕು. ಜೋರಾಗಿ ಓಡುವಾಗ ಮೈಟೊಕಾಂಡ್ರಿಯದ ಕೈಯಲ್ಲಿ ಅಷ್ಟು ಬೇಗ ಖಾಲಿ ಮಾಡಿಕೊಡಲು ಆಗುವುದಿಲ್ಲ. ಎಲ್ಲ ಎನ್‌ಎಡಿಯೂ ಎನ್‌ಎಡಿಎಚ್ ಆಗಿ ಕೂತರೆ ಆರನೇ ಹಂತ ನಿಂತಿತು, ಅದರ ಮುಂದೆ ಸಿಗಬೇಕಾಗಿದ್ದ ಎಟಿಪಿಯೂ ನಿಂತಿತು. ಆಗ ಪೈರುವೇಟ್ ಎನ್‌ಎಡಿಎಚ್‌ನ ಎಲೆಕ್ಟ್ರಾನ್‌ಗಳನ್ನು ತಾನು ತೆಗೆದುಕೊಂಡು ಲ್ಯಾಕ್ಟೇಟ್ ಆಗುತ್ತದೆ. ಆ ಹಂತದಲ್ಲಿ ಒಂದು ಎಟಿಪಿಯೂ ಹುಟ್ಟುವುದಿಲ್ಲ. ಎನ್‌ಎಡಿ ಖಾಲಿಯಾಗುವುದೇ ಅದರ ಲಾಭ. ಯೀಸ್ಟ್ ಮಾಡುವುದೂ ಇದನ್ನೇ, ದಾರಿ ಮಾತ್ರ ಬೇರೆ. ಅದು ಪೈರುವೇಟ್‌ನಿಂದ ಇಂಗಾಲದ ಡೈಆಕ್ಸೈಡ್ ತೆಗೆದು, ಉಳಿದ ಅಸಿಟಾಲ್ಡಿಹೈಡ್‌ಗೆ ಎಲೆಕ್ಟ್ರಾನ್ ಕೊಟ್ಟು ಆಲ್ಕೋಹಾಲ್ ಮಾಡುತ್ತದೆ. ನಮ್ಮ ಕೆಂಪು ರಕ್ತಕಣಗಳಿಗಂತೂ ಮೈಟೊಕಾಂಡ್ರಿಯವೇ ಇಲ್ಲ, ಹೀಗಾಗಿ ಮೈತುಂಬ ಆಮ್ಲಜನಕ ಹೊತ್ತು ತಿರುಗಿದರೂ ಅವು ಬದುಕುವುದು ಹಗಲೂ ರಾತ್ರಿ ಲ್ಯಾಕ್ಟೇಟ್ ಮಾಡಿಕೊಂಡೇ.

ಲ್ಯಾಕ್ಟೇಟ್ ಕಸವೂ ಅಲ್ಲ. ರಕ್ತದಲ್ಲಿ ಹೋಗಿ ಹೃದಯಕ್ಕೆ, ಲಿವರ್‌ಗೆ ಸೇರುತ್ತದೆ, ಅಲ್ಲಿ ಅದರಿಂದ ಎಲೆಕ್ಟ್ರಾನ್‌ಗಳನ್ನು ವಾಪಸ್ ತೆಗೆದುಕೊಂಡು ಪೈರುವೇಟ್ ಮಾಡುತ್ತವೆ. ವ್ಯಾಯಾಮ ಮಾಡಿದ ಮರುದಿನದ ಮೈಕೈ ನೋವನ್ನು ಇದರ ತಲೆಗೆ ಕಟ್ಟುವುದು ತಪ್ಪು, ಅಷ್ಟು ಹೊತ್ತು ಅದು ಸ್ನಾಯುವಿನಲ್ಲಿ ಉಳಿಯುವುದೇ ಇಲ್ಲ.

ಇನ್ನು ಎಲೆಕ್ಟ್ರಾನ್‌ಗಳನ್ನು ಆಮ್ಲಜನಕದವರೆಗೆ ಸಾಗಿಸುವ ಒಳಪೊರೆಯ ಸರಪಳಿ. ಗ್ಲೈಕಾಲಿಸಿಸ್ ನಡೆಯುವುದು ಮೈಟೊಕಾಂಡ್ರಿಯದ ಹೊರಗೆ, ಅಲ್ಲಿ ಆದ ಎನ್‌ಎಡಿಎಚ್ ಒಳಪೊರೆಯನ್ನು ದಾಟಿ ಒಳಗೆ ಬರಲಾರದು. ಅದಕ್ಕೆ ಹೊರಗೆ ಆಕ್ಸಲೋಅಸಿಟೇಟ್‌ಗೆ ಎಲೆಕ್ಟ್ರಾನ್ ಕೊಟ್ಟು ಮ್ಯಾಲೇಟ್ ಮಾಡುತ್ತದೆ, ಮ್ಯಾಲೇಟ್ ಒಳಗೆ ಹೋಗಿ ಅಲ್ಲಿರುವ ಬೇರೆ ಎನ್‌ಎಡಿಗೆ ಅವನ್ನು ಒಪ್ಪಿಸುತ್ತದೆ. ಅಣು ಹೊರಗೇ ಉಳಿಯಿತು, ಎಲೆಕ್ಟ್ರಾನ್ ಮಾತ್ರ ಒಳಗೆ ಬಂತು.

ಒಳಗೆ ಬಂದ ಮೇಲೆ ಒಂದು ತೊಡಕು ಇದೆ. ಎನ್‌ಎಡಿಎಚ್ ಎಲೆಕ್ಟ್ರಾನ್ ಕೊಡುವುದು ಯಾವಾಗಲೂ ಜೋಡಿಯಾಗಿಯೇ, ಒಂದೊಂದಾಗಿ ಕೊಡುವುದು ಅದಕ್ಕೆ ಬರುವುದಿಲ್ಲ. ಮುಂದೆ ಇರುವ ಕಬ್ಬಿಣ-ಗಂಧಕದ ಗುಂಪುಗಳು, ಸೈಟೋಕ್ರೋಮ್‌ಗಳು (ಕಬ್ಬಿಣ ಇರುವ ಪ್ರೋಟೀನ್‌ಗಳು) ತೆಗೆದುಕೊಳ್ಳುವುದು ಒಂದೊಂದನ್ನೇ. ಇವರಿಬ್ಬರಿಗೂ ನೇರವಾಗಿ ಹೊಂದಿಕೆ ಆಗುವುದಿಲ್ಲ. ನಡುವೆ ನಿಂತು ಎರಡು ತೆಗೆದುಕೊಂಡು ಒಂದೊಂದಾಗಿ ಬಿಡುವವರು ಬೇಕು. ಮೊದಲನೇ ಕಾಂಪ್ಲೆಕ್ಸ್‌ನಲ್ಲಿ ಆ ಕೆಲಸ ಮಾಡುವುದು ಎಫ್‌ಎಮ್‌ಎನ್, ಅದೂ ರೈಬೋಫ್ಲೇವಿನ್‌ನಿಂದ ಆದದ್ದೇ. ಅಲ್ಲಿಂದ ಮುಂದೆ ಕೋಎಂಜೈಮ್ ಕ್ಯೂ. ಇದು ಎಣ್ಣೆಯ ಗುಣದ ಅಣು, ಪೊರೆಯ ಕೊಬ್ಬಿನೊಳಗೇ ಸರಿದಾಡುತ್ತದೆ. ಮನುಷ್ಯರಲ್ಲಿ ಅದರ ಬಾಲದಲ್ಲಿ ಹತ್ತು ಐಸೊಪ್ರೀನ್ ತುಂಡುಗಳಿವೆ, ಅದಕ್ಕೇ ಕ್ಯೂ10. ಮೊದಲನೇ ಕಾಂಪ್ಲೆಕ್ಸ್‌ನಿಂದಲೂ ಎರಡನೇ ಕಾಂಪ್ಲೆಕ್ಸ್‌ನಿಂದಲೂ ಎಲೆಕ್ಟ್ರಾನ್ ಇಸಿದುಕೊಂಡು ಮೂರನೆಯದಕ್ಕೆ ಮುಟ್ಟಿಸುವುದು ಇದೇ. ಮೂರನೆಯದರಿಂದ ನಾಲ್ಕನೆಯದಕ್ಕೆ ಒಯ್ಯುವುದು ಸೈಟೋಕ್ರೋಮ್ ಸಿ, ಮನುಷ್ಯರಲ್ಲಿ 104 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್, ಒಳಪೊರೆಯ ಹೊರಮೈಗೆ ಅಂಟಿಕೊಂಡಂತೆ ಓಡಾಡುತ್ತದೆ, ಸಲಕ್ಕೆ ಒಂದೇ ಎಲೆಕ್ಟ್ರಾನ್.

ನಾಲ್ಕನೇ ಕಾಂಪ್ಲೆಕ್ಸ್ ಬಗ್ಗೆ ನಾನು ಜಾಸ್ತಿ ಹೇಳಬೇಕು. ಅಲ್ಲಿ ಕಬ್ಬಿಣ, ತಾಮ್ರ ಎರಡೂ ಇವೆ, ಅವುಗಳ ನಡುವೆ ಆಮ್ಲಜನಕದ ಅಣು ಸಿಕ್ಕಿಕೊಳ್ಳುತ್ತದೆ. ಸೈಟೋಕ್ರೋಮ್ ಸಿ ತರುವುದು ಒಂದೊಂದೇ ಎಲೆಕ್ಟ್ರಾನ್, ಆಮ್ಲಜನಕಕ್ಕೆ ಬೇಕಾಗಿರುವುದು ನಾಲ್ಕು. ಒಂದೋ ಎರಡೋ ಸಿಕ್ಕಿದ ಕೂಡಲೇ ಅದನ್ನು ಬಿಟ್ಟುಬಿಟ್ಟರೆ ಸೂಪರ್‌ಆಕ್ಸೈಡ್, ಪೆರಾಕ್ಸೈಡ್ ಅಂಥವು ಆಗಿ ಸಿಕ್ಕಿದ್ದನ್ನೆಲ್ಲ ಹಾಳುಮಾಡುತ್ತವೆ. ಹಾಗಾಗಿ ನಾಲ್ಕೂ ಸೇರಿ ಎರಡು ನೀರಿನ ಅಣು ಆಗುವವರೆಗೆ ಆ ಕಿಣ್ವ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ಸರಪಳಿಯಲ್ಲಿ ಸ್ವಲ್ಪ ಎಲೆಕ್ಟ್ರಾನ್ ಸೋರಿ ಸೂಪರ್‌ಆಕ್ಸೈಡ್ ಆಗುವುದು ಇದ್ದದ್ದೇ, ಆದರೆ ಅದು ಹೆಚ್ಚಾಗಿ ಸೋರುವುದು ಒಂದು ಮತ್ತು ಮೂರನೇ ಕಾಂಪ್ಲೆಕ್ಸ್‌ಗಳಲ್ಲಿ, ಇಲ್ಲಲ್ಲ.

ಎನ್‌ಎಡಿಎಚ್‌ನ ಮೈನಸ್ 0.32 ವೋಲ್ಟ್‌ನಿಂದ ಆಮ್ಲಜನಕದ ಪ್ಲಸ್ 0.82 ವೋಲ್ಟ್‌ವರೆಗೆ ಇಳಿದರೆ ಒಟ್ಟು ಇಳಿತ 1.14 ವೋಲ್ಟ್. ಒಂದು ಮೋಲ್ ಎನ್‌ಎಡಿಎಚ್‌ಗೆ ಇದು ಸುಮಾರು 220 ಕಿಲೊಜೂಲ್. ಶಕ್ತಿ ಇರುವುದು ಈ ಇಳಿತದಲ್ಲಿ, ಎನ್‌ಎಡಿಎಚ್‌ನ ಹೊಟ್ಟೆಯೊಳಗಲ್ಲ. ಇದನ್ನು ಗಮನಿಸದೆ ಇರುವುದರಿಂದಲೇ ಎನ್‌ಎಡಿ ಹೆಸರಿನ ಮಾತ್ರೆ ನುಂಗಿದರೆ ಶಕ್ತಿ ಬಂತು ಅಂತ ಜನ ನಂಬುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. ಸುಮ್ನೆ ಕೂತ ಮನುಷ್ಯ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತಾನೆ. ಪ್ರತಿ ಅಣುವಿಗೆ ನಾಲ್ಕು ಎಲೆಕ್ಟ್ರಾನ್ ಅಂತ ಹಿಡಿದರೆ ಅದು 70 ಆಂಪಿಯರ್ ಆಸುಪಾಸಿನ ವಿದ್ಯುತ್ ಪ್ರವಾಹ! ಅದನ್ನು 1.14 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 80 ವಾಟ್. ಸುಮ್ನೆ ಕೂತ ದೇಹ ಖರ್ಚು ಮಾಡುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ.

ಈ ಇಳಿತದ ಶಕ್ತಿ ಎಟಿಪಿಗೆ ಸೇರುವುದು ಹೇಗೆ ಅಂತ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ನಡುವೆ ಯಾವುದೋ ಶಕ್ತಿಯ ಅಣು ಇರಬೇಕು ಅಂತ ದೊಡ್ಡ ದೊಡ್ಡ ಲ್ಯಾಬುಗಳು ಹುಡುಕುತ್ತಿದ್ದವು, ಸಿಗಲಿಲ್ಲ. 1961ರಲ್ಲಿ ಪೀಟರ್ ಮಿಚೆಲ್, ಅಂಥ ಅಣು ಇಲ್ಲವೇ ಇಲ್ಲ, ಎಲೆಕ್ಟ್ರಾನ್ ಇಳಿಯುವಾಗ ಪ್ರೋಟಾನ್‌ಗಳು ಪೊರೆಯ ಆಚೆಗೆ ಹೋಗಿ ಜಮಾ ಆಗುತ್ತವೆ, ಅವು ವಾಪಸ್ ಬರುವಾಗ ಎಟಿಪಿ ಆಗುತ್ತದೆ ಅಂದರು. ಬಹಳ ಜನ ಒಪ್ಪಲಿಲ್ಲ. ಅವರು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಒಂದು ಹಳೆಯ ಮನೆಯನ್ನೇ ಸರಿಪಡಿಸಿ ಲ್ಯಾಬ್ ಮಾಡಿಕೊಂಡು ಕೆಲಸ ಮುಂದುವರಿಸಿದರು, 1978ರಲ್ಲಿ ನೊಬೆಲ್ ಬಂತು. ಎರಡು ಎಲೆಕ್ಟ್ರಾನ್‌ಗೆ ಮೊದಲನೇ ಕಾಂಪ್ಲೆಕ್ಸ್‌ನಲ್ಲಿ 4 ಪ್ರೋಟಾನ್, ಮೂರನೆಯದರಲ್ಲಿ 4, ನಾಲ್ಕನೆಯದರಲ್ಲಿ 2, ಒಟ್ಟು 10 ಆಚೆ ಹೋಗುತ್ತವೆ. ಎಫ್‌ಎಡಿಯ ಎಲೆಕ್ಟ್ರಾನ್‌ಗಳು ಮೊದಲನೆಯದನ್ನು ಮುಟ್ಟದೆ ನೇರ ಕ್ಯೂಗೆ ಬರುವುದರಿಂದ ಅವಕ್ಕೆ 6 ಮಾತ್ರ. ಎಟಿಪಿ ತಯಾರಿಸುವ ಕಿಣ್ವವಾದ ಎಟಿಪಿ ಸಿಂಥೇಸ್ ಒಂದು ಎಟಿಪಿ ಮಾಡಿ ಹೊರಗೆ ಕಳಿಸುವುದಕ್ಕೆ ಸುಮಾರು 4 ಪ್ರೋಟಾನ್ ಬೇಕು. ಹತ್ತನ್ನು ನಾಲ್ಕರಿಂದ ಭಾಗಿಸಿದರೆ 2.5, ಆರನ್ನು ಭಾಗಿಸಿದರೆ 1.5.

ನಿಮ್ಮ 38ರ ಲೆಕ್ಕ ಬಿದ್ದುಹೋಗುವುದು ಇಲ್ಲಿಯೇ. ಅದು ಒಂದು ಎನ್‌ಎಡಿಎಚ್‌ಗೆ ಪೂರ್ತಿ 3, ಎಫ್‌ಎಡಿಎಚ್2ಗೆ ಪೂರ್ತಿ 2 ಅಂತ ಹಿಡಿದ ಹಳೆಯ ಲೆಕ್ಕ. ಈಗಿನ ಲೆಕ್ಕದಲ್ಲಿ 10 ಎನ್‌ಎಡಿಎಚ್‌ಗೆ 25, 2 ಎಫ್‌ಎಡಿಎಚ್2ಗೆ 3, ಗ್ಲೈಕಾಲಿಸಿಸ್ ಮತ್ತು ಕ್ರೆಬ್ಸ್ ಚಕ್ರದಲ್ಲಿ ನೇರವಾಗಿ ಸಿಕ್ಕ 4, ಒಟ್ಟು 32. ಹೊರಗಿನ ಎರಡು ಎನ್‌ಎಡಿಎಚ್‌ಗಳ ಎಲೆಕ್ಟ್ರಾನ್ ಮ್ಯಾಲೇಟ್ ದಾರಿ ಬಿಟ್ಟು ಗ್ಲಿಸರಾಲ್ ಫಾಸ್ಫೇಟ್ ದಾರಿಯಲ್ಲಿ ಬಂದರೆ ಅವಕ್ಕೂ 1.5 ಮಾತ್ರ, ಆಗ 30. ಪಠ್ಯಪುಸ್ತಕದಲ್ಲಿ 38 ಅಂತಲೇ ಇದ್ದರೆ ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ಆದರೆ ಪತ್ರಿಕೆಯಾದರೂ ಸರಿಯಾದ ಲೆಕ್ಕವನ್ನು ಪಕ್ಕದಲ್ಲಿ ಹಾಕಬಹುದಿತ್ತು, ಅಲ್ವಾ?

ಕೊನೆಯ ಕೊಂಡಿ ಎಷ್ಟು ಮುಖ್ಯ ಅನ್ನುವುದಕ್ಕೆ ಸಯನೈಡ್‌ಗಿಂತ ದೊಡ್ಡ ಸಾಕ್ಷಿ ಬೇಡ. ಅದು ನಾಲ್ಕನೇ ಕಾಂಪ್ಲೆಕ್ಸ್‌ನ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಶ್ವಾಸಕೋಶ ಕೆಲಸ ಮಾಡುತ್ತಿದೆ, ರಕ್ತದಲ್ಲಿ ಆಮ್ಲಜನಕ ತುಂಬಿದೆ, ಸಕ್ಕರೆಯೂ ಇದೆ, ಆದರೂ ಮನುಷ್ಯ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಸೈಟೋಕ್ರೋಮ್ ಸಿ ತುಂಬಿ ನಿಂತಿತು, ಕ್ಯೂ ತುಂಬಿ ನಿಂತಿತು, ಎನ್‌ಎಡಿಎಚ್ ಖಾಲಿಯಾಗಲಿಲ್ಲ, ಕ್ರೆಬ್ಸ್ ಚಕ್ರ ನಿಂತಿತು. ಇದಕ್ಕೆ ಉಲ್ಟಾ ಇರುವುದು ಡಿಎನ್‌ಪಿ ಅನ್ನುವ ರಾಸಾಯನಿಕ. ಅದು ಪ್ರೋಟಾನ್‌ಗಳನ್ನು ಪೊರೆಯ ಮೂಲಕ ಅಡ್ಡದಾರಿಯಲ್ಲಿ ವಾಪಸ್ ತರುತ್ತದೆ. ಆಗ ಎಲೆಕ್ಟ್ರಾನ್ ಓಡುತ್ತಲೇ ಇರುತ್ತದೆ, ಎಟಿಪಿ ಆಗುವುದಿಲ್ಲ, ಎಲ್ಲ ಶಾಖವಾಗುತ್ತದೆ. 1930ರ ದಶಕದಲ್ಲಿ ಇದನ್ನು ತೂಕ ಇಳಿಸುವ ಔಷಧಿ ಅಂತ ಕೊಟ್ಟು, ಮೈ ಕಾದು ಜನ ಸತ್ತ ಮೇಲೆ 1938ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದರು. ಈಗಲೂ ಆನ್‌ಲೈನಿನಲ್ಲಿ ಕದ್ದುಮುಚ್ಚಿ ಮಾರುವವರಿದ್ದಾರೆ, ಯಾರೂ ಅದರ ಹತ್ತಿರ ಹೋಗಬಾರದು. ಎಳೆಕೂಸುಗಳ ಕಂದು ಕೊಬ್ಬಿನಲ್ಲಾದರೆ ಇದೇ ಕೆಲಸವನ್ನು ಒಂದು ಪ್ರೋಟೀನ್ ಹದವಾಗಿ ಮಾಡಿ ಮೈ ಬೆಚ್ಚಗಿಡುತ್ತದೆ.

ಈ ವಿಷಯ ಗೊತ್ತಾದ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. 1906ರಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟ್ ಹಿಂಡಿದ ರಸವನ್ನು ಜೆಲಟಿನ್ ಸವರಿದ ಸೋಸುಕದಲ್ಲಿ ಸೋಸಿದರು. ಮೇಲೆ ಉಳಿದ ಪ್ರೋಟೀನಿನ ಭಾಗ ಒಂದೇ ಇದ್ದರೆ ಸಕ್ಕರೆ ಹುದುಗಲಿಲ್ಲ, ಕೆಳಗಿಳಿದ ನೀರು ಒಂದೇ ಇದ್ದರೂ ಹುದುಗಲಿಲ್ಲ. ಎರಡನ್ನೂ ಸೇರಿಸಿದರೆ ಹುದುಗಿತು. ಕೆಳಗಿಳಿದದ್ದನ್ನು ಕುದಿಸಿ ಸೇರಿಸಿದರೂ ಹುದುಗಿತು! ಕುದಿಸಿದರೂ ಕೆಡದ, ಪ್ರೋಟೀನ್ ಅಲ್ಲದ ಯಾವುದೋ ಸಣ್ಣ ಅಣು ಅದರಲ್ಲಿದೆ ಅಂತಾಯಿತು. ಅದೇ ಎನ್‌ಎಡಿ. ಹಾರ್ಡನ್ ಮತ್ತು ಹ್ಯಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಅವರಿಗೆ 1929ರಲ್ಲಿ ನೊಬೆಲ್ ಬಂತು, ಆ ಅಣು ಎಲೆಕ್ಟ್ರಾನ್ ಹೊರುತ್ತದೆ ಅಂತ ಒಟ್ಟೊ ವಾರ್ಬರ್ಗ್ 1930ರ ದಶಕದಲ್ಲಿ ತೋರಿಸಿದರು.

ಇನ್ನೊಂದು ಕಡೆ ಡೇವಿಡ್ ಕೀಲಿನ್. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪಿನಲ್ಲಿ ಕೀಟಗಳ ರೆಕ್ಕೆಯ ಸ್ನಾಯುಗಳನ್ನು, ಯೀಸ್ಟನ್ನು ನೋಡುತ್ತಿದ್ದಾಗ ಅವರಿಗೆ ಕಪ್ಪು ಪಟ್ಟಿಗಳು ಕಂಡವು. ಯೀಸ್ಟ್ ಇರುವ ನಳಿಗೆಯನ್ನು ಗಾಳಿ ಸೇರುವಂತೆ ಅಲ್ಲಾಡಿಸಿದರೆ ಪಟ್ಟಿಗಳು ಮಾಯ, ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಟ್ಟರೆ ಮತ್ತೆ ಪ್ರತ್ಯಕ್ಷ. ಆಮ್ಲಜನಕ ಸಿಕ್ಕಾಗ ಸೈಟೋಕ್ರೋಮ್‌ಗಳು ಖಾಲಿಯಾಗುವುದನ್ನೂ ಸಿಗದಿದ್ದಾಗ ತುಂಬಿಕೊಳ್ಳುವುದನ್ನೂ ಅವರು ಜೀವಂತ ಕೋಶದಲ್ಲೇ ನೋಡಿದರು, 1925ರಲ್ಲಿ ಪ್ರಕಟಿಸಿದರು. ಇದೇ ಪಟ್ಟಿಗಳನ್ನು ಚಾರ್ಲ್ಸ್ ಮ್ಯಾಕ್‌ಮನ್ ಅನ್ನುವ ವೈದ್ಯರು 1880ರ ದಶಕದಲ್ಲೇ ನೋಡಿ ಬರೆದಿದ್ದರು, ಆಗಿನ ದೊಡ್ಡವರು ಅದನ್ನು ತಳ್ಳಿಹಾಕಿದರು. ನಿಮ್ಮ ಪುಟದಲ್ಲಿ ಜಾಗ ಕಡಿಮೆ ಇದ್ದರೆ ನಾನು ಬರೆದ ಬೇರೆಲ್ಲ ಬಿಡಿ, ಕೀಲಿನ್ ನಳಿಗೆ ಅಲ್ಲಾಡಿಸಿದ್ದನ್ನು ಮಾತ್ರ ಹಾಕಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಈ ಲೇಖನವನ್ನು ಇನ್ನೊಮ್ಮೆ ಹಾಕುವುದಾದರೆ ಚಿತ್ರದಲ್ಲಿ ಎನ್‌ಎಡಿಎಚ್ ಕಡೆಯಿಂದ ಎನ್‌ಎಡಿ ಪ್ಲಸ್ ವಾಪಸ್ ಬರುವ ಬಾಣವನ್ನೂ ಬರೆಸಿ, ಈಗ ಹೋಗುವ ಬಾಣ ಮಾತ್ರ ಇದೆ. ಎಫ್‌ಎಡಿಯನ್ನು ಒಳಪೊರೆಯ ಎರಡನೇ ಕಾಂಪ್ಲೆಕ್ಸ್‌ನೊಳಗೇ ಕೂರಿಸಿ. 38ರ ಪಕ್ಕದಲ್ಲಿ 30ರಿಂದ 32 ಅಂತ ಹಾಕಿ, ಯಾಕೆ ಅಂತ ಎರಡು ಸಾಲು ಬರೆಯಿರಿ. ಕೆಳಗೆ ಮಕ್ಕಳಿಗೆ ಪ್ರಶ್ನೆ ಕೊಡುತ್ತೀರಲ್ಲ, ಈ ಸಲ ‘ಒಂದು ಗ್ಲೂಕೋಸ್‌ನಿಂದ ಎಷ್ಟು ಎಟಿಪಿ’ ಅನ್ನುವ ಪ್ರಶ್ನೆ ತೆಗೆದು ‘ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಆಗುವ ಹಂತದಲ್ಲಿ ಎಟಿಪಿ ಹುಟ್ಟುವುದಿಲ್ಲ, ಆದರೂ ಆ ಹಂತ ಇಲ್ಲದಿದ್ದರೆ ಓಟಗಾರ ನಿಂತುಬಿಡುತ್ತಾನೆ, ಯಾಕೆ?’ ಅಂತ ಕೇಳಿ. ಬಂದ ಉತ್ತರಗಳಲ್ಲಿ ಚೆನ್ನಾಗಿರುವುದನ್ನು ಪ್ರಕಟಿಸಿದರೆ ನಾನು ಖಂಡಿತ ಓದುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು